ಗೋಡೆಗೆ ಒಂದು ಮೀಟರ್ ಉಳಿದಾಗ: ಜಾರಬೇಕೇ, ಇನ್ನೊಂದು ಕೈ ಹಾಕಬೇಕೇ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ದಾವಣಗೆರೆಯಲ್ಲಿ 25 ಮೀಟರ್ ಕೊಳದಲ್ಲಿ ಅಭ್ಯಾಸ ಮಾಡುತ್ತಾನೆ. ಈಚೆಗೆ ಬೆಂಗಳೂರಿನ 50 ಮೀಟರ್ ಕೊಳದಲ್ಲಿ ನಡೆದ ಕೂಟದಲ್ಲಿ 100 ಮೀಟರ್ ಬಟರ್‌ಫ್ಲೈ ಈಜಿದ. ಇವನದು 1:02.31, ಪಕ್ಕದ ಲೇನಿನ ಹುಡುಗನದು 1:02.30. ಪದಕ ತಪ್ಪಿತು. ನಾನು ಗ್ಯಾಲರಿಯಿಂದ ತೆಗೆದ ವಿಡಿಯೊದಲ್ಲಿ ನನ್ನ ಮಗನ ಕೈಯೇ ಮೊದಲು ಮುಟ್ಟಿದಂತೆ ಕಾಣುತ್ತದೆ. ಅದನ್ನು ತೋರಿಸಿದಾಗ ಒಬ್ಬರು 2008ರ ಬೀಜಿಂಗ್ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯ ಫೈನಲ್ ವಿಡಿಯೊ ಕಳಿಸಿ, “ಫೆಲ್ಪ್ಸ್‌ಗೂ ಹೀಗೇ ಮೋಸದಿಂದ ಚಿನ್ನ ಕೊಟ್ಟರು, ಗಡಿಯಾರದ ಕಂಪನಿಯೇ ಅವನ ಪ್ರಾಯೋಜಕ” ಎಂದರು. ನಮ್ಮ ಕೋಚ್ “ಕೊನೆಗೆ ಕೈ ಚಾಚಿ ಜಾರು” ಎನ್ನುತ್ತಾರೆ. ಇನ್ನೊಬ್ಬರು “ಫೆಲ್ಪ್ಸ್ ಹಾಗೆ ಇನ್ನರ್ಧ ಸ್ಟ್ರೋಕ್ ಹಾಕಬೇಕಿತ್ತು” ಎನ್ನುತ್ತಾರೆ. ಯಾರ ಮಾತು ಕೇಳಬೇಕು? ನಾವು ಆಕ್ಷೇಪ ಸಲ್ಲಿಸಬಹುದಿತ್ತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಅನ್ಯಾಯವಾಯಿತೇ ಎಂಬುದು ಒಂದು, ಮುಂದೆ ಹೇಗೆ ಈಜಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಬಗೆಹರಿದಂತೆ. ಹಾಗಾಗಿ ವಿಡಿಯೊದಿಂದ ಶುರು ಮಾಡುತ್ತೇನೆ.

ಸಾಮಾನ್ಯ ಮೊಬೈಲ್ ವಿಡಿಯೊ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 0.033 ಸೆಕೆಂಡ್. ನಿಮ್ಮ ಮಗ ಕೊನೆಯಲ್ಲಿ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗದಲ್ಲಿದ್ದ ಎಂದುಕೊಳ್ಳಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಅವನ ಕೈ 5 ಸೆಂಟಿಮೀಟರ್ ಸಾಗಿರುತ್ತದೆ. ಅವನು ಸೋತಿದ್ದು 0.01 ಸೆಕೆಂಡಿಗೆ, ಅಂದರೆ ಒಂದೂವರೆ ಸೆಂಟಿಮೀಟರಿಗೆ. ಮೂರು ಪಟ್ಟು ಒರಟಾದ ಅಳತೆಗೋಲಿನಿಂದ ಅದನ್ನು ಅಳೆಯಲು ಬರುವುದಿಲ್ಲ. ಜೊತೆಗೆ ಗ್ಯಾಲರಿಯ ಓರೆ ಕೋನ, ಗೋಡೆಗೆ ಬಡಿದು ಏಳುವ ನೀರು, ನೀರಿನೊಳಗಿನ ಬೆರಳು ಇರುವ ಜಾಗ ಬಿಟ್ಟು ಬೇರೆಲ್ಲೋ ಕಾಣುವುದು. ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ, ಆದರೆ ಆ ವಿಡಿಯೊದಲ್ಲಿ ಉತ್ತರ ಇಲ್ಲವೇ ಇಲ್ಲ.

ಬೀಜಿಂಗ್ ಫೈನಲ್ಲಿನ ವಿಡಿಯೊ ನೋಡಿ ಮೋಸ ಎನ್ನುವವರ ತಪ್ಪೂ ಇದೇ. ಅಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ 50.58, ಸರ್ಬಿಯಾದ ಮಿಲೊರಾದ್ ಚಾವಿಚ್ 50.59. ಫೆಲ್ಪ್ಸ್ ಆ ಕೈಗಡಿಯಾರ ಕಂಪನಿಯ ಜಾಹೀರಾತು ರಾಯಭಾರಿ ಆಗಿದ್ದದ್ದು ನಿಜ. ಒಲಿಂಪಿಕ್ಸ್‌ಗೆ ಸಮಯ ಅಳೆದದ್ದೂ ಅದೇ ಕಂಪನಿ. ಕೇಳಿದವರಿಗೆ ಅನುಮಾನ ಬರುವುದು ಸಹಜ. ಆದರೆ ಸರ್ಬಿಯಾ ತಂಡ ಆಗಲೇ ಆಕ್ಷೇಪ ಸಲ್ಲಿಸಿತ್ತು. ಅತಿವೇಗದ ಕ್ಯಾಮೆರಾದ ಚಿತ್ರಗಳನ್ನು ಪರಿಶೀಲಿಸಿದ ಮೇಲೆ ಅದು ತಿರಸ್ಕೃತವಾಯಿತು. ಒಬ್ಬ ಸ್ಟ್ರೋಕ್ ಹಾಕುತ್ತ ಬಂದ, ಇನ್ನೊಬ್ಬ ಜಾರುತ್ತ ಬಂದ ಎಂಬುದು ರೆಫರಿಯ ವಿವರಣೆಯಾಗಿತ್ತು. ಫಲಿತಾಂಶ ಒಪ್ಪಿಕೊಂಡು ಮುಂದೆ ಹೋಗೋಣ ಎಂದು ಚಾವಿಚ್ ಅವರೇ ಬರೆದರು. ಅವರಿಗಿಂತ ಹೆಚ್ಚು ಅವರ ಪರ ವಾದಿಸುವ ಅಗತ್ಯ ನಮಗೇನಿದೆ?

ಇಲ್ಲಿ ತಿಳಿದಿರಬೇಕಾದ ಸಂಗತಿ ಬೇರೆ. ಗೋಡೆಯ ಮೇಲಿರುವ ಟಚ್‌ಪ್ಯಾಡ್ ಒಂದು ಸ್ವಿಚ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ಅಗಲ ಕನಿಷ್ಠ 2.4 ಮೀಟರ್, ಎತ್ತರ 90 ಸೆಂಟಿಮೀಟರ್, ದಪ್ಪ ಹೆಚ್ಚೆಂದರೆ 1 ಸೆಂಟಿಮೀಟರ್. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಮೇಲೆ, 60 ಸೆಂಟಿಮೀಟರ್ ಕೆಳಗೆ ಇರುತ್ತದೆ. ಅಲೆ ಬಡಿದರೆ ಗಡಿಯಾರ ನಿಲ್ಲಬಾರದು, ಅದಕ್ಕೇ ಸವರಿದರೆ ಅದು ಸ್ಪಂದಿಸುವುದಿಲ್ಲ. ಸುಮಾರು 3 ಕೆ.ಜಿ.ಯಷ್ಟು ಒತ್ತಡ ಬಿದ್ದರೆ ಮಾತ್ರ ಕೆಲಸ ಮಾಡುವಂತೆ ಹೊಂದಿಸಿರುತ್ತಾರೆ. ಹಾಗಾಗಿ ಗಡಿಯಾರ ಅಳೆಯುವುದು ಬೆರಳು ಯಾವಾಗ ತಲುಪಿತು ಎಂಬುದನ್ನಲ್ಲ, ಯಾವಾಗ ಒತ್ತಿತು ಎಂಬುದನ್ನು. ವೇಗದಲ್ಲಿ ಬಂದ ಕೈಗೆ ತಲುಪುವುದೂ ಒತ್ತುವುದೂ ಒಂದೇ ಕ್ಷಣ. ಜಾರಿಕೊಂಡು ಬಂದ ಕೈಗೆ ಆ ಎರಡರ ನಡುವೆ ಒಂದು ಕೂದಲೆಳೆ ಅಂತರ ಉಳಿಯುತ್ತದೆ. ಕೂದಲೆಳೆಯೇ ಪದಕ ಹಂಚುವ ಆಟ ಇದು.

ಹಾಗಾದರೆ ಇನ್ನೂ ಸೂಕ್ಷ್ಮವಾಗಿ, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದವರೆಗೆ ಅಳೆಯಬಾರದೇ? ಒಮ್ಮೆ ಅಳೆದಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಮೆಡ್ಲೆ (ನಾಲ್ಕೂ ಬಗೆಯ ಈಜು ಸೇರಿದ ಸ್ಪರ್ಧೆ) ಚಿನ್ನ ಸ್ವೀಡನ್ನಿನ ಗುನ್ನಾರ್ ಲಾರ್ಸನ್‌ಗೆ ಸಿಕ್ಕಿದ್ದು 0.002 ಸೆಕೆಂಡಿನಿಂದ, ದೂರದಲ್ಲಿ ಹೇಳುವುದಾದರೆ 3 ಮಿಲಿಮೀಟರಿನಿಂದ. ಕೊಳ ಕಟ್ಟುವಾಗ ಲೇನಿನ ಉದ್ದದಲ್ಲಿ 3 ಸೆಂಟಿಮೀಟರ್‌ವರೆಗೂ ಹೆಚ್ಚಿರಲು ನಿಯಮವೇ ಬಿಡುತ್ತದೆ. ಗೋಡೆಯೇ ಸೆಂಟಿಮೀಟರ್ ಲೆಕ್ಕದಲ್ಲಿ ಓಲಾಡುವಾಗ ಮಿಲಿಮೀಟರ್ ಲೆಕ್ಕಕ್ಕೆ ಅರ್ಥವಿಲ್ಲ ಎಂದು ನೂರನೇ ಒಂದು ಭಾಗಕ್ಕೇ ನಿಲ್ಲಿಸಿದರು. ಅದೂ ಸಮನಾದರೆ ಸ್ಥಾನ ಹಂಚಿಕೊಳ್ಳಬೇಕು. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈ ಚಿನ್ನವನ್ನು ಸಿಂಗಪುರದ ಜೋಸೆಫ್ ಸ್ಕೂಲಿಂಗ್ 50.39ರಲ್ಲಿ ಗೆದ್ದರೆ, ಹಿಂದೆಯೇ ಫೆಲ್ಪ್ಸ್, ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೋ, ಹಂಗೆರಿಯ ಲಾಸ್ಲೋ ಚೆಹ್ ಮೂವರೂ 51.14. ಮೂವರಿಗೂ ಬೆಳ್ಳಿ, ಕಂಚು ಯಾರಿಗೂ ಇಲ್ಲ.

ಈಗ ನೀವು ಬರೆಯದೇ ಬಿಟ್ಟ ಒಂದು ವಿಷಯ: ಆ ಕೂಟದಲ್ಲಿ ಟಚ್‌ಪ್ಯಾಡ್ ಇತ್ತೇ, ಅಥವಾ ಲೇನಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದವರು ನಿಂತಿದ್ದರೇ? ಇದರ ಮೇಲೆ ಎಲ್ಲ ನಿಂತಿದೆ. ಸ್ಟಾಪ್‌ವಾಚ್ ಪದ್ಧತಿಯಲ್ಲಿ ಮೂರು ವಾಚ್‌ಗಳಲ್ಲಿ ಎರಡು ಒಂದೇ ಸಮಯ ತೋರಿಸಿದರೆ ಅದನ್ನೇ, ಮೂರೂ ಬೇರೆಯಾದರೆ ನಡುವಿನದನ್ನು ತೆಗೆದುಕೊಳ್ಳುತ್ತಾರೆ. ಒಂದೇ ಈಜಿಗೆ ಮೂರು ವಾಚ್‌ಗಳ ನಡುವೆ 0.1, 0.2 ಸೆಕೆಂಡ್ ವ್ಯತ್ಯಾಸ ಬರುವುದು ಮಾಮೂಲು. ಅಲ್ಲಿ 0.01ರ ಸೋಲು ಗೆಲುವನ್ನು ಹೆಬ್ಬೆರಳು ತೀರ್ಮಾನಿಸಿದೆ, ಈಜು ಅಲ್ಲ. ಪ್ಯಾಡ್ ಇದ್ದಿದ್ದರೆ ಫಲಿತಾಂಶವನ್ನು ನಂಬಿ.

ಆಕ್ಷೇಪದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ನಿಯಮದಲ್ಲಿ ಸ್ಪರ್ಧೆ ಮುಗಿದ 30 ನಿಮಿಷದೊಳಗೆ, ಲಿಖಿತವಾಗಿ, ಠೇವಣಿ ಕಟ್ಟಿ, ತಂಡದ ಮುಖ್ಯಸ್ಥರು ರೆಫರಿಗೆ ಕೊಡಬೇಕು. ಪೋಷಕರು ಕೊಡುವಂತಿಲ್ಲ, ಗ್ಯಾಲರಿಯ ವಿಡಿಯೊ ಸಾಕ್ಷಿಯಾಗುವುದಿಲ್ಲ. ಕೋಚ್ ಹೋಗಿ “ಈ ಲೇನಿನ ಪ್ಯಾಡ್ ಸಮಯವನ್ನೂ ಬ್ಯಾಕಪ್ ಬಟನ್ (ಲೇನಿನ ತುದಿಯಲ್ಲಿ ನಿಂತವರು ಕೈಯಿಂದ ಒತ್ತುವ ಗುಂಡಿ) ಸಮಯವನ್ನೂ ಹೋಲಿಸಿ ನೋಡುವಿರಾ” ಎಂದು ಕೇಳುವುದು ಹೆಚ್ಚು ಉಪಯೋಗದ ದಾರಿ. ಪ್ಯಾಡ್ ಕೈಕೊಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಇನ್ನು ನಿಜವಾದ ಪ್ರಶ್ನೆ: ಜಾರುವುದೋ, ಕೈ ಹಾಕುವುದೋ.

ಫೆಲ್ಪ್ಸ್ ಕಥೆಯನ್ನು ಅರ್ಧ ಹೇಳುವವರೇ ಹೆಚ್ಚು. ಬೀಜಿಂಗ್‌ನಲ್ಲಿ 50 ಮೀಟರ್ ತಿರುವಿನಲ್ಲಿ ಫೆಲ್ಪ್ಸ್ ಏಳನೆಯವರು. ಚಾವಿಚ್ 23.42ಕ್ಕೆ ತಿರುಗಿದ್ದರೆ ಇವರು 24.04. ಎರಡನೇ 50 ಮೀಟರ್ ಫೆಲ್ಪ್ಸ್ 26.54ರಲ್ಲಿ, ಚಾವಿಚ್ 27.17ರಲ್ಲಿ ಈಜಿದರು. ಅಂದರೆ 0.62 ಸೆಕೆಂಡ್ ಹಿಂದಿದ್ದವರು ಗೋಡೆಯ ಹತ್ತಿರ ಬರುವಷ್ಟರಲ್ಲಿ ಅಂತರವನ್ನು ತಿಂದುಹಾಕಿದ್ದರು. ಕೊನೆಯ ಅರ್ಧ ಸ್ಟ್ರೋಕ್ ಅವರನ್ನು ಗೆಲ್ಲಿಸಿತು ಎಂಬುದು ಸರಿ, ಆದರೆ ಅದು ಕೆಲಸ ಮಾಡಿದ್ದು ಅವರಲ್ಲಿ ಆಗ ಚಾವಿಚ್‌ಗಿಂತ ಹೆಚ್ಚು ವೇಗ ಉಳಿದಿತ್ತು ಎಂಬುದರಿಂದ. ವೇಗ ಸತ್ತ ಮೇಲೆ ಹಾಕುವ ಅರ್ಧ ಸ್ಟ್ರೋಕ್ ಬರೀ ನೀರು ಚಿಮ್ಮಿಸುತ್ತದೆ.

ಅದೇ ಫೆಲ್ಪ್ಸ್ ನಾಲ್ಕು ವರ್ಷಗಳ ನಂತರ ಲಂಡನ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯಲ್ಲಿ ಮುಂದಿದ್ದು, ಕೊನೆಗೆ ಗೋಡೆಗೆ ಜಾರಿ, ಚಾಡ್ ಲೆ ಕ್ಲೋಗೆ ಸೋತರು: 1:52.96 ಮತ್ತು 1:53.01. ಅದಕ್ಕೂ ಬಹಳ ಹಿಂದೆ, 1988ರ ಸೋಲ್‌ನಲ್ಲಿ ಅಮೆರಿಕದ ಮ್ಯಾಟ್ ಬಿಯೊಂಡಿ 100 ಮೀಟರ್ ಬಟರ್‌ಫ್ಲೈಯಲ್ಲಿ ಮುಂದಿದ್ದು ಕೊನೆಯಲ್ಲಿ ಲೆಕ್ಕ ತಪ್ಪಿ ಜಾರಿದರು. ಸುರಿನಾಮ್‌ನ ಆ್ಯಂಥನಿ ನೆಸ್ಟಿ 53.00, ಬಿಯೊಂಡಿ 53.01. ಮೂರೂ ಕಡೆ ಜಾರಿದವರೇ ಸೋತಿದ್ದಾರೆ, ಹಾಗಾಗಿ ಜಾರುವುದೇ ತಪ್ಪು ಎಂದು ತೀರ್ಮಾನಿಸಬೇಡಿ. ಸರಿಯಾಗಿ ಜಾರಿ ಗೆದ್ದವರ ವಿಡಿಯೊ ಯಾರೂ ಹಂಚಿಕೊಳ್ಳುವುದಿಲ್ಲ, ಅಷ್ಟೇ. ಈ ಮೂವರ ತೊಂದರೆ ಒಂದೇ: ಅವರ ಸ್ಟ್ರೋಕ್ ಮುಗಿದ ಜಾಗ ಗೋಡೆಯಿಂದ ಸಲ್ಲದಷ್ಟು ದೂರದಲ್ಲಿತ್ತು.

ಬಟರ್‌ಫ್ಲೈಯಲ್ಲೇ ಇದು ಯಾಕೆ ಇಷ್ಟು ಕಾಡುತ್ತದೆ? ಫ್ರೀಸ್ಟೈಲ್‌ನಲ್ಲಿ ಒಂದು ಕೈ ಎಳೆಯುತ್ತಿರುವಾಗ ಇನ್ನೊಂದು ಮುಂದೆ ಹೋಗಿರುತ್ತದೆ, ಯಾವುದಾದರೂ ಒಂದು ಮುಟ್ಟಿದರೆ ಸಾಕು. ಬಟರ್‌ಫ್ಲೈಯಲ್ಲಿ ಎರಡೂ ಕೈ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು, ಬಿಡಿಬಿಡಿಯಾಗಿ ಆದರೆ ಏಕಕಾಲಕ್ಕೆ ಗೋಡೆ ಮುಟ್ಟಬೇಕು. ಕೈಗಳು ಸೊಂಟದ ಹತ್ತಿರವೋ ಗಾಳಿಯಲ್ಲೋ ಇರುವಾಗ ಗೋಡೆ ಎದುರಾದರೆ ಮುಟ್ಟಲು ಏನೂ ಇರುವುದಿಲ್ಲ, ತಲೆ ಬಿಟ್ಟರೆ.

ನಿಮ್ಮ ಮಗನ ಅಂದಾಜು ಲೆಕ್ಕ ಹಾಕೋಣ. ಆ ವಯಸ್ಸಿಗೆ 1:02 ಈಜುವವನ ಒಂದು ಸ್ಟ್ರೋಕ್ ಸುಮಾರು 1.6 ಮೀಟರ್ ಸಾಗಿಸುತ್ತದೆ, 1.1 ಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನೋಣ. ಕೈ ನೀರಿಗಿಳಿದು ಪೂರ್ತಿ ಚಾಚಿದ ಕ್ಷಣದಲ್ಲಿ ಬೆರಳ ತುದಿಯಿಂದ ಗೋಡೆಗೆ ಎಷ್ಟು ದೂರ ಎಂಬುದೇ ಎಲ್ಲ. 30–50 ಸೆಂಟಿಮೀಟರ್ ಇದ್ದರೆ ಜಾರುವುದೇ ಸರಿ. ಕೈ ಮರದ ತುಂಡಿನಂತೆ ಬಿಗಿ, ಗದ್ದ ಎದೆಗೆ, ಕಾಲು ಮಾತ್ರ ಒಂದು ಗಟ್ಟಿ ಕಿಕ್. ಒಂದೂವರೆ ಮೀಟರಿಗಿಂತ ಹೆಚ್ಚಿದ್ದರೂ ಗೊಂದಲವಿಲ್ಲ, ಇನ್ನೊಂದು ಪೂರ್ತಿ ಸ್ಟ್ರೋಕ್. ಪೀಕಲಾಟ ಇರುವುದು 70 ಸೆಂಟಿಮೀಟರಿನಿಂದ 1.2 ಮೀಟರ್‌ವರೆಗೆ.

ಅಲ್ಲಿ ಜಾರಿದರೆ ಏನಾಗುತ್ತದೆ ನೋಡಿ. ಒಂದು ಮೀಟರನ್ನು 1.5 ವೇಗದಲ್ಲಿ ದಾಟಲು 0.67 ಸೆಕೆಂಡ್ ಸಾಕು. ಜಾರುವಾಗ ಸರಾಸರಿ ವೇಗ 1.2ಕ್ಕೆ ಇಳಿದರೆ 0.83. ಹೋಯಿತು 0.16 ಸೆಕೆಂಡ್. ಪೂರ್ತಿ ಸ್ಟ್ರೋಕ್ ಹಾಕಿದರೆ? ಕೈ ತೊಡೆಯವರೆಗೆ ಎಳೆದು, ನೀರಿನ ಮೇಲೆ ಸುತ್ತಿ ಮುಂದೆ ಬರಲು 1.1 ಸೆಕೆಂಡ್ ಬೇಕು. ಅಷ್ಟರಲ್ಲಿ ಮೈ ಗೋಡೆಯ ಹತ್ತಿರ ಬಂದಾಗಿರುತ್ತದೆ. ಮೊಣಕೈ ಮಡಚಿಕೊಂಡು ಗೋಡೆಗೆ ಬಡಿಯುತ್ತಾನೆ. ಒಂದು ಕೈ ಮೊದಲು, ಇನ್ನೊಂದು ಆಮೇಲೆ ಮುಟ್ಟಿದರೆ ಅನರ್ಹ. ಬೆರಳು ಉಳುಕುವುದು, ಹಣೆ ಗೋಡೆಗೆ ತಾಕುವುದು ಮಕ್ಕಳ ಕೂಟಗಳಲ್ಲಿ ಆಗಾಗ ಆಗುವುದೇ.

ಫೆಲ್ಪ್ಸ್ ಹಾಕಿದ್ದು ಪೂರ್ತಿ ಸ್ಟ್ರೋಕ್ ಅಲ್ಲ, ಮೋಟು ಸ್ಟ್ರೋಕ್. ಕೈ ತೊಡೆಯವರೆಗೆ ಹೋಗುವುದಿಲ್ಲ. ಎದೆಯ ಕೆಳಗೆ ಒತ್ತಿ ಸೊಂಟ ಮುಟ್ಟುವ ಮೊದಲೇ ಹೊರಬಂದು, ನೀರಿಗೆ ತಾಗಿದಂತೆ ಚಪ್ಪಟೆಯಾಗಿ ಮುಂದೆ ಚಿಮ್ಮುತ್ತದೆ. ಭುಜದಲ್ಲಿ ಶಕ್ತಿ ಉಳಿದಿರಬೇಕು, ತಲೆ ಒಳಗೇ ಇರಬೇಕು. 90 ಮೀಟರ್ ಈಜಿ ತೋಳು ಸೀಸದಂತಾದ 14ರ ಹುಡುಗನಿಗೆ ಅದು ತಾನಾಗಿ ಬರುವುದಿಲ್ಲ. ಆದ್ದರಿಂದ ನಿಮ್ಮ ಕೋಚ್ “ಜಾರು” ಎನ್ನುವುದನ್ನು ತಪ್ಪು ಎನ್ನಲಾರೆ. ಪದಕ ತಪ್ಪಿದರೂ ಸಮಯ ದಾಖಲಾಗುತ್ತದೆ. ಅನರ್ಹನಾದರೆ ಅದೂ ಇಲ್ಲ. ಹತ್ತು ವರ್ಷದ ಮಗುವಿಗೆ ಅದೇ ಒಳ್ಳೆಯ ಸೂಚನೆ. 14ಕ್ಕೆ ಇನ್ನೂ ಅದೊಂದೇ ಸೂಚನೆ ಸಾಲದು, ಅಷ್ಟೇ ನನ್ನ ತಕರಾರು.

ಅಸಲಿ ಪರಿಹಾರ ಆ ಪೀಕಲಾಟದ ಜಾಗಕ್ಕೆ ಬಂದು ಬೀಳದಂತೆ ನೋಡಿಕೊಳ್ಳುವುದು, ಮತ್ತು ಅದು ಗೋಡೆಯ ಹತ್ತಿರ ಆಗುವ ಕೆಲಸವಲ್ಲ. ಐದು ಮೀಟರ್ ಉಳಿದಾಗಲೇ ಆಗಬೇಕು. ಕೊಳದ ಮೇಲೆ ತೂಗುವ ಬಾವುಟಗಳು ಬ್ಯಾಕ್‌ಸ್ಟ್ರೋಕ್‌ನವರಿಗೆ. ಬಟರ್‌ಫ್ಲೈಯಲ್ಲಿ ಅವನ್ನು ನೋಡಲು ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ನೋಡಬೇಕಾದವು ಎರಡು. ಗೋಡೆಗೆ 5 ಮೀಟರ್ ಇರುವಾಗ ಲೇನ್ ಹಗ್ಗದ ಬಣ್ಣ ಬದಲಾಗಿ ಒಂದೇ ಬಣ್ಣವಾಗುತ್ತದೆ. ಕೊನೆಯ ಉಸಿರು ತೆಗೆದುಕೊಳ್ಳುವಾಗ ಅದು ಕಣ್ಣಂಚಿಗೆ ಬೀಳುತ್ತದೆ. ಇನ್ನೊಂದು, ತಳದ ಕಪ್ಪು ಪಟ್ಟಿ ಗೋಡೆಗೆ 2 ಮೀಟರ್ ಮೊದಲು ಟಿ ಆಕಾರದಲ್ಲಿ ಮುಗಿಯುತ್ತದೆ. ತಲೆ ಬಗ್ಗಿಸಿದ್ದರೂ ಅದು ಕಾಣುತ್ತದೆ.

ಉದಾಹರಣೆಗೆ, ತಲೆ 5 ಮೀಟರ್ ಗುರುತಿನಲ್ಲಿರುವಾಗ ಕೈ ನೀರಿಗಿಳಿಯಿತು ಎನ್ನಿ. ಚಾಚಿದ ಬೆರಳು ತಲೆಗಿಂತ ಸುಮಾರು 70 ಸೆಂಟಿಮೀಟರ್ ಮುಂದೆ, ಅಂದರೆ ಗೋಡೆಗೆ ಉಳಿದದ್ದು 4.3 ಮೀಟರ್. 1.6ರಂತೆ ಎರಡು ಸ್ಟ್ರೋಕ್ ಹಾಕಿದರೆ 3.2, ಉಳಿಯಿತು 1.1: ಸರಿಯಾಗಿ ಪೀಕಲಾಟದ ಜಾಗ. ಅದರ ಬದಲು ಮೂರು ಸ್ಟ್ರೋಕ್‌ಗಳನ್ನು ತುಸು ಚುರುಕಾಗಿ, ತುಸು ಗಿಡ್ಡಾಗಿ, 1.43 ಮೀಟರಿನಂತೆ ಹಾಕಿದರೆ ಮೂರನೆಯದು ಗೋಡೆಯಲ್ಲೇ ಇಳಿಯುತ್ತದೆ. ಒಂದು ಸ್ಟ್ರೋಕಿಗೆ 17 ಸೆಂಟಿಮೀಟರ್ ಕಡಿಮೆ ಮಾಡುವುದು ಯಾರಿಗೂ ಕಷ್ಟವಲ್ಲ. ಕೊನೆಯ ಒಂದೇ ಸ್ಟ್ರೋಕಿನಲ್ಲಿ ಅರ್ಧ ಮೀಟರ್ ಕಡಿಮೆ ಮಾಡುವುದು ಕಷ್ಟ. ಆ 5 ಮೀಟರಿನಲ್ಲಿ ಉಸಿರಾಟ ಬೇಡ. ತಲೆ ಎತ್ತಿದೊಡನೆ ಭುಜ ಹಿಂದೆ ಸರಿದು ಕೈಯ ಚಾಚು ಗಿಡ್ಡವಾಗುತ್ತದೆ. ನಿಮ್ಮ ಮಗ ಕಳೆದುಕೊಂಡ ಒಂದೂವರೆ ಸೆಂಟಿಮೀಟರ್ ಅಲ್ಲೇ ಹೋಗಿರಬಹುದು.

ಇಲ್ಲಿ ನಿಮ್ಮ 25 ಮೀಟರ್ ಕೊಳದ ವಿಷಯ ಬರುತ್ತದೆ. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಅದೇ. ಅಲ್ಲಿ ಗೋಡೆ ತಳ್ಳಿ, ನೀರೊಳಗೆ ಕಿಕ್ ಮಾಡಿ ಮೇಲೆ ಬಂದರೆ ಹತ್ತು ಹನ್ನೊಂದು ಸ್ಟ್ರೋಕಿಗೆ ಇನ್ನೊಂದು ಗೋಡೆ. ಅಷ್ಟರಲ್ಲಿ ಸ್ಟ್ರೋಕ್ ಉದ್ದ ಕುಸಿಯುವುದಿಲ್ಲ, ದಿನವೂ ಅದೇ ಸಂಖ್ಯೆ, ಮೈಗೆ ಅದೇ ಬಾಯಿಪಾಠ. 50 ಮೀಟರಿನ ಎರಡನೇ ಉದ್ದದಲ್ಲಿ 20 ಸ್ಟ್ರೋಕ್ ದಾಟಿದ ಮೇಲೆ ಅದರ ಉದ್ದ ಗಿಡ್ಡಾಗುತ್ತದೆ, ಬಾಯಿಪಾಠ ಕೈಕೊಡುತ್ತದೆ, ಗೋಡೆ ಯಾವ ಹಂತದಲ್ಲಿ ಎದುರಾಗುತ್ತದೋ ಗೊತ್ತಾಗುವುದಿಲ್ಲ. ತಿರುವಿನಲ್ಲೂ ಇದೇ ತಪ್ಪು ಆಗಿರುತ್ತದೆ, ಯಾರೂ ನೋಡುವುದಿಲ್ಲ. ಅಲ್ಲಿ ಜಾರಿ ಕಳೆದ 0.1 ಸೆಕೆಂಡಿಗೂ ಬೆಲೆ ಅಷ್ಟೇ. ಹತ್ತನೇ ಒಂದು ಭಾಗ ಎಂದರೆ ಎಷ್ಟು? ಬೆಂಗಳೂರಿನಲ್ಲೂ ವರ್ಷಗಟ್ಟಲೆ ಅಭ್ಯಾಸ ಮಾಡಿದ ಸಜನ್ ಪ್ರಕಾಶ್ 2021ರಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1:56.38ರಲ್ಲಿ ಈಜಿ, ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ ‘ಎ’ ಅರ್ಹತಾ ಮಟ್ಟ ಮುಟ್ಟಿದ ಮೊದಲ ಭಾರತೀಯ ಈಜುಗಾರನಾದರು. ಮಿತಿ ಇದ್ದದ್ದು 1:56.48.

ತಿಂಗಳಿಗೆ ಎರಡು ಸಲವಾದರೂ 50 ಮೀಟರ್ ಕೊಳ ಸಿಗುವಂತೆ ಮಾಡಿಕೊಳ್ಳಿ. ಅಲ್ಲಿ 100 ಮೀಟರನ್ನು ಸ್ಪರ್ಧೆಯ ವೇಗದಲ್ಲಿ ಈಜಿಸಿ, ಎರಡೂ ಉದ್ದಗಳ ಸ್ಟ್ರೋಕ್ ಎಣಿಸಿ ಬರೆದಿಡಿ. 21 ಮತ್ತು 24 ಬಂದರೆ ಸಹಜ. 21 ಮತ್ತು 28 ಬಂದರೆ ಫಿನಿಷ್ ಬಗ್ಗೆ ಮಾತಾಡುವ ಮೊದಲು ಮೊದಲ 50 ಮೀಟರ್ ವೇಗ ತಗ್ಗಿಸಬೇಕು. ಊರಿನ ಕೊಳದಲ್ಲಿ ಮಾಡಬಹುದಾದ ಅಭ್ಯಾಸ ಇದು: ಗೋಡೆ ತಳ್ಳದೆ, ಕೊಳದ ನಡುವಿನಿಂದ ಹೊರಟು ಗೋಡೆಗೆ ಪೂರ್ಣ ವೇಗದಲ್ಲಿ ಮುಗಿಸುವುದು, ಎಂಟು ಸಲ, ನಡುವೆ ಒಂದು ನಿಮಿಷ ವಿಶ್ರಾಂತಿ. ಗುಟ್ಟು ಇರುವುದು ಹೊರಡುವ ಜಾಗದಲ್ಲಿ. ಒಮ್ಮೆ 12 ಮೀಟರಿನಿಂದ, ಒಮ್ಮೆ 12.5, ಆಮೇಲೆ 13, 13.5. ಪ್ರತಿ ಸಲ ಗೋಡೆ ಬೇರೆ ಹಂತದಲ್ಲಿ ಎದುರಾಗುತ್ತದೆ, ಹುಡುಗ ದಾರಿಯಲ್ಲೇ ಉದ್ದ ಹೊಂದಿಸುವುದನ್ನು ಕಲಿಯುತ್ತಾನೆ. ಮೂರ್ನಾಲ್ಕು ವಾರ ಕಳೆದ ಮೇಲೆ ಅದನ್ನೇ ದಣಿದ ಮೈಯಲ್ಲಿ, 75 ಮೀಟರ್ ಈಜಿದ ಬೆನ್ನಿಗೆ ಮಾಡಿಸಿ. ಮೋಟು ಸ್ಟ್ರೋಕ್ ಕಲಿಸುವುದಾದರೆ ಇದಾದ ಮೇಲೆ, ಕೋಚ್ ಕಣ್ಣೆದುರು, ಎರಡು ಕೈ ಒಟ್ಟಿಗೆ ಬೀಳುತ್ತಿವೆಯೇ ಎಂದು ನೋಡಿಕೊಂಡು. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಗುರಿಯಿಟ್ಟು, ಬೆರಳು ಬಿಗಿಹಿಡಿದು ಒತ್ತಬೇಕು, ತಟ್ಟಬಾರದು.

ಮೊಬೈಲ್ ಬಿಡಬೇಡಿ, ಕೂರುವ ಜಾಗ ಬದಲಿಸಿ. ಗ್ಯಾಲರಿಯಿಂದ ಇಳಿದು, ಅಭ್ಯಾಸದ ದಿನ ಕೊಳದ ಪಕ್ಕದಲ್ಲಿ ಗೋಡೆಯಿಂದ ಎರಡು ಮೀಟರ್ ಈಚೆ, ನೀರಿನ ಮಟ್ಟಕ್ಕೆ ಹತ್ತಿರ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಸೆಕೆಂಡಿಗೆ 240 ಚಿತ್ರ ಬರುವ ಫೋನಾದರೆ ಒಂದು ಚಿತ್ರಕ್ಕೆ 0.004 ಸೆಕೆಂಡ್. ಕೊನೆಯ ಸಲ ಕೈ ನೀರಿಗಿಳಿದ ಚಿತ್ರದಿಂದ ಬೆರಳು ಗೋಡೆ ಒತ್ತಿದ ಚಿತ್ರದವರೆಗೆ ಎಣಿಸಿ. 80 ಚಿತ್ರದೊಳಗೆ ಬಂದರೆ ಫಿನಿಷ್ ಚೆನ್ನಾಗಿದೆ. 150 ದಾಟಿದರೆ ಹುಡುಗ ಇನ್ನೂ ದೂರದಿಂದ ಜಾರುತ್ತಿದ್ದಾನೆ ಎಂದು ಕೋಚ್‌ಗೆ ತೋರಿಸಿ.